ಎವರ್‌ಸಿಲ್ವರ್ ತಪ್ಪಲೆಗೆ ಕಲಾಯಿ

ಪಾತ್ರೆ ಉಜ್ಜುವ ವಿದ್ಯೆಯಲ್ಲಿ ನಾನು ಪಂಡಿತನೆಂದು ಬಹಳ ಕಾಲ ನಂಬಿದ್ದೆ. ಅದಕ್ಕೆ ಆಧಾರವೂ ಇತ್ತು. ಬಸವನಗುಡಿಯ ನಮ್ಮ ಹಳೆಯ ಮನೆಯಲ್ಲಿ ಹಬ್ಬದ ಹಿಂದಿನ ದಿನ ಅಮ್ಮ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ತಂದು ಸುರಿದು, ಹುಣಸೇಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ನನ್ನ ಮುಂದಿಟ್ಟು, "ನಮ್ಮ ಶೇಷು ಉಜ್ಜಿದ್ರೆ ಮುಖ ಕಾಣುತ್ತೆ" ಎನ್ನುತ್ತಿದ್ದಳು. ಇದೇ ಮಾತನ್ನು ನನ್ನ ಇಬ್ಬರು ಅಣ್ಣಂದಿರಿಗೂ ಹೇಳುತ್ತಿದ್ದಳೆಂದು ತಿಳಿದದ್ದು ಬಹಳ ತಡವಾಗಿ.

ನಾವು ಜಯನಗರಕ್ಕೆ ಬಂದಾಗ ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆ ರಸ್ತೆಗೆ ಮೊಟ್ಟಮೊದಲ ಎವರ್‌ಸಿಲ್ವರ್ ತಪ್ಪಲೆ ಬಂದದ್ದು ನಮ್ಮ ಮನೆಗೆ. ಈಗ ಎಲ್ಲರೂ ಸ್ಟೀಲು ಅನ್ನುತ್ತಾರಲ್ಲ, ಅದೇ. ನನ್ನ ಹೆಂಡತಿ ಕಮಲ, ಹರಿದುಹೋಗಿದ್ದ ತನ್ನ ಧಾರೆ ಸೀರೆಯ ಜರಿಯನ್ನು ಪಾತ್ರೆಯವಳಿಗೆ ಕೊಟ್ಟು, ಒಂದು ಮಧ್ಯಾಹ್ನವೆಲ್ಲ ಚೌಕಾಸಿ ಮಾಡಿ ಗಿಟ್ಟಿಸಿಕೊಂಡದ್ದು. ಅದರ ಕಂಠದ ಮೇಲೆ 'ಕಮಲ' ಎಂದು ಹೆಸರು ಹೊಡೆಸಿದ್ದಳು. "ಮನೆ ಯಜಮಾನ ಅಂತ ನನ್ನ ಹೆಸರೂ ಹಾಕಿಸಬಹುದಿತ್ತಲ್ಲೇ" ಎಂದೆ. "ಸೀರೆ ಯಾರದ್ದು?" ಎಂದಳು. ಮಾತು ಅಲ್ಲಿಗೆ ಮುಗಿಯಿತು. ಆದರೆ ಹೊಟ್ಟೆಯೊಳಗೆ ಸಣ್ಣಗೆ ಉರಿ ಉಳಿಯಿತು, ಸುಳ್ಳೇಕೆ ಹೇಳಲಿ.

ಆ ತಪ್ಪಲೆ ಒಲೆಯ ಮುಖವನ್ನೇ ಕಂಡಿರಲಿಲ್ಲ. ಬಂದವರ ಕಣ್ಣಿಗೆ ಬೀಳುವಂತೆ ಶೆಲ್ಫಿನ ಮೇಲೆ ಕೂತಿರುತ್ತಿತ್ತು. ಒಮ್ಮೆ ಕಮಲ ಮೂರು ದಿನದ ಮಟ್ಟಿಗೆ ಮೈಸೂರಿನ ತವರಿಗೆ ಹೊರಟಳು. ಬಾಗಿಲಲ್ಲಿ ನಿಂತು, "ರೀ, ಭಾನುವಾರ ಪಕ್ಕದ್ಮನೆ ನಂಜಮ್ಮನವರ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ. ಪಾಯಸ ನನ್ನ ತಪ್ಪಲೇಲೇ ಬಡಿಸೋದು ಅಂತ ಮಾತಾಗಿದೆ. ದಯವಿಟ್ಟು ಅದನ್ನ ಮುಟ್ಟಬೇಡಿ" ಎಂದಳು. ಛೆ ಛೆ, ನಾನೇಕೆ ಮುಟ್ಟಲಿ ಎಂದೆ.

ಮುಟ್ಟಿದ್ದು ಶುಕ್ರವಾರ ಬೆಳಗ್ಗೆ. ಹಾಲು ಕಾಯಿಸುವ ಹಿತ್ತಾಳೆ ಪಾತ್ರೆ ಹಿಂದಿನ ದಿನದ್ದು, ತೊಳೆದಿರಲಿಲ್ಲ. ಎವರ್‌ಸಿಲ್ವರ್ ಅಲ್ಲವೇ, ನೀರು ತೋರಿಸಿದರೆ ಸಾಕು ಎಂದು ಹಾಲನ್ನು ಅದಕ್ಕೇ ಸುರಿದು ಸ್ಟೌವ್ ಮೇಲಿಟ್ಟು ಪೇಪರ್ ಹಿಡಿದೆ. ಪೇಪರು ಮುಗಿಯುವ ಮೊದಲೇ ಹಾಲು ಮುಗಿದಿತ್ತು. ಒಳಗೆ ಕಪ್ಪಗೆ ಸೀದ ಕೆನೆ, ಹೊರಗೆ ತಳದಲ್ಲಿ ನೀಲಿ, ಹಳದಿ ಬಣ್ಣ. ಆದರೆ ನಾನು ಪಂಡಿತನಲ್ಲವೇ? ಇಟ್ಟಿಗೆ ಕುಟ್ಟಿದೆ, ನಾರು ಹುಡುಕಿದೆ, ತೋಳು ಬಿದ್ದುಹೋಗುವಂತೆ ಒಳಗೂ ಹೊರಗೂ ಉಜ್ಜಿದೆ. ತೊಳೆದು ನೋಡಿದರೆ ಕಪ್ಪು ಅರ್ಧಂಬರ್ಧ ಉಳಿದಿತ್ತು, ಹೊಳಪು ಪೂರ್ತಿ ಹೋಗಿತ್ತು. ನನ್ನ ಮುಖ ಕಾಣದಿದ್ದರೆ ನಷ್ಟವೇನೂ ಇಲ್ಲ. ಕಮಲಳ ಹೆಸರೇ ಗೀರುಗಳ ನಡುವೆ ಕಳೆದುಹೋಗಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ "ಪಾತ್ರೆಗೆ ಕಲಾಯ್!" ಎಂಬ ಕೂಗು ಕೇಳಿಸಿತು. ದೇವರೇ ಕಳಿಸಿದನೆಂದುಕೊಂಡು ತಪ್ಪಲೆ ಹಿಡಿದು ಓಡಿದೆ. ಹಿತ್ತಾಳೆಗೆ ಒಳಗೆ ತವರ ಸವರಿ ಬೆಳ್ಳಗೆ ಮಾಡುವವನಿಗೆ ಇದೇನು ಕಷ್ಟ? ಕಲಾಯಿ ಸಾಬರು ತಪ್ಪಲೆಯನ್ನು ತಿರುಗಿಸಿ ನೋಡಿದರು, ನನ್ನನ್ನೂ ನೋಡಿದರು.

"ಸ್ವಾಮೀ, ಇದು ಬಂದ್ಮೇಲೇ ನಮ್ ಕಸುಬು ಅರ್ಧ ಹೋಯ್ತು. ಇದಕ್ಕೂ ಕಲಾಯಿ ಹಾಕಿ ಅಂತೀರಲ್ಲ!" ಎಂದು ಕೆಂಡ ಊದುವ ತಿದಿಯ ಪಕ್ಕದಲ್ಲೇ ಕುಕ್ಕರಿಸಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಪಾಪ ಅನ್ನಿಸಿರಬೇಕು. "ಹುಣಸೇಹಣ್ಣಿನ ನೀರು ಕುದಿಸಿ, ಸೀಗೆಪುಡೀಲಿ ಮೆತ್ತಗೆ ಉಜ್ಜಿ, ಸೀದಿದ್ದು ಬಿಡುತ್ತೆ. ಗೀರಿನ ವಿಷ್ಯ ಮಾತ್ರ ಅಮ್ಮಾವ್ರು ಬಂದ್ಮೇಲೆ ನೀವೇ ನೋಡ್ಕೊಳ್ಳಿ" ಎಂದರು.

ಅವರು ಹೇಳಿದಂತೆಯೇ ಮಾಡಿದೆ; ಕಪ್ಪು ಬಿಟ್ಟಿತು, ಗೀರು ಉಳಿಯಿತು. ಶನಿವಾರ ಸಂಜೆ ಅಮ್ಮಾವರು ಬಂದರು. ಚಪ್ಪಲಿ ಬಿಡುವ ಮೊದಲೇ ಶೆಲ್ಫಿನತ್ತ ಕಣ್ಣು ಹೋಯಿತು.

"ಇಟ್ಟಿಗೆ ಪುಡೀನಾ?"

"ಸ್ವಲ್ಪ."

ತಪ್ಪಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ನನ್ನ ಧಾರೆ ಸೀರೆ ರೀ ಇದು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮಾತಿಗೆ ನನಗೆ ನಿಜವಾಗಿ ಸಂಕಟವಾಯಿತು. ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಒಪ್ಪಿಕೊಂಡೆ. ಕಲಾಯಿಯ ಪ್ರಸಂಗಕ್ಕೆ ಬರುವಾಗ ಅವಳ ತುಟಿ ಅದುರಿತು. ಅಳುತ್ತಾಳೆಂದುಕೊಂಡೆ. ಸಾಬರಿಗಿಂತ ಜೋರಾಗಿ ನಕ್ಕುಬಿಟ್ಟಳು.

ಮಾತು ಕೊಟ್ಟಾಗಿತ್ತು, ಬೇರೆ ಎವರ್‌ಸಿಲ್ವರ್ ಪಾತ್ರೆ ಇರಲಿಲ್ಲ. ಭಾನುವಾರ ಪಾಯಸ ಅದರಲ್ಲೇ ಹೋಯಿತು. ಗಂಡಿನ ತಾಯಿ ತಪ್ಪಲೆಯ ಗೀರುಗಳನ್ನೇ ದಿಟ್ಟಿಸಿ, "ಪರವಾಗಿಲ್ಲ ರೀ, ನೀವು ಎವರ್‌ಸಿಲ್ವರನ್ನ ದಿನಾ ಬಳಸೋ ಜನ!" ಎಂದರಂತೆ. ಸಂಬಂಧ ಕುದುರಿತು. ಇದರ ಕೀರ್ತಿ ನನಗೇ ಸಲ್ಲಬೇಕೆಂದು ಒಂದು ವಾರ ಎದೆಯುಬ್ಬಿಸಿ ತಿರುಗಿದೆ.

ಮುಂದಿನ ವಾರ ನನ್ನ ಮದುವೆಯ ಜರಿಪಂಚೆ ಟ್ರಂಕಿನಿಂದ ಮಾಯವಾಗಿ, ಶೆಲ್ಫಿನ ಮೇಲೆ ಹೊಸ ತಪ್ಪಲೆ ಬಂತು. ಕಂಠದ ಮೇಲೆ 'ಶೇಷಾದ್ರಿ' ಎಂದು ಹೊಡೆಸಿತ್ತು. ಪಂಚೆ ಹೋದ ದುಃಖವೂ ಮರೆತುಹೋಯಿತು.

"ಅಂತೂ ನನ್ನ ಹೆಸರು ಹಾಕಿಸಿದೆಯಲ್ಲೇ!"

"ಹೂಂ ರೀ" ಎಂದು ಕಮಲ ಸೀಗೆಪುಡಿಯ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಅವರವರ ಹೆಸರಿರೋದನ್ನ ಅವರವರೇ ತೊಳ್ಕೋಬೇಕು."

ಅವತ್ತಿನಿಂದ ನಮ್ಮ ಮನೆಯಲ್ಲಿ ಹಾಲು, ಸಾರು, ಹುಳಿ, ಪಾಯಸ ಎಲ್ಲವೂ ಶೇಷಾದ್ರಿಯಲ್ಲೇ. ಕಮಲ ಶೆಲ್ಫಿನ ಮೇಲೆ ಆರಾಮಾಗಿ ಕೂತಿದೆ.