ಫೈಲಿನ ಗಾತ್ರ ಸೊನ್ನೆ

ವರ್ಗಾವಣೆ ಪಟ್ಟಿಯಲ್ಲಿ ಯಾರೋ ಕೈಯಾಡಿಸಿದ್ದಾರೆ ಎಂಬ ಗುಮಾನಿ ಮ್ಯಾನೇಜರಿಗೆ ಬಂದದ್ದೇ ಎಲ್ಲ ಎಡವಟ್ಟಿಗೂ ಮೂಲ. ಆಫೀಸಿನ ವೆಬ್‌ಸೈಟು ನೋಡಿಕೊಳ್ಳುತ್ತಿದ್ದ ಪ್ರೋಗ್ರಾಮರನನ್ನು ಬೆಳಗ್ಗೆಯೇ ಒಳಗೆ ಕರೆದರು.

"ಸರ್ವರಲ್ಲಿರೋ ಆ ಪಟ್ಟಿಯ ಫೈಲನ್ನ ಕೊನೇ ಸಲ ಯಾವಾಗ ತಿದ್ದಿದಾರೆ, ಎಷ್ಟು ದೊಡ್ಡದಿದೆ, ಅಷ್ಟು ಹೇಳು ಸಾಕು. ಒಳಗೆ ಇಣುಕಿದ್ಯೋ, ನೋಡು ಮತ್ತೆ!"

"ಅದೇನ್ ಮಹಾ ಸಾರ್! ಪಿಎಚ್‌ಪಿಯಲ್ಲಿ ನಾಲ್ಕು ಸಾಲಿನ ಪ್ರೋಗ್ರಾಮು. ಫೈಲು ತೆರೆದು ಕೇಳಿದ್ರೆ ತನ್ನ ಜಾತಕ ತಾನೇ ಒದರುತ್ತೆ."

ಅವನು ಸೀಟಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ದೂರದ ಶಾಖೆಗೆ ಹೋಗಲು ಯಾರಿಗೂ ಮನಸ್ಸಿಲ್ಲ. ಅವನಿಗಂತೂ ಹೆಂಡತಿಯ ಕೆಲಸ, ಮಗಳ ಶಾಲೆ ಎಲ್ಲ ಇಲ್ಲೇ. ಕ್ಯಾಷಿಯರ್ ಅವನ ಭುಜದ ಮೇಲೆ ಗದ್ದ ಊರಿದರು. ಟೈಪಿಸ್ಟಮ್ಮ ಇನ್ನೊಂದು ಕಡೆಯಿಂದ ಕೊಕ್ಕರೆಯ ಹಾಗೆ ಕತ್ತು ಚಾಚಿದರು.

"ನನ್ ಹೆಸರಿದ್ಯಾ ನೋಡೋ ಮಾರಾಯ," ಎಂದರು ಕ್ಯಾಷಿಯರ್.

"ಮೊದ್ಲು ನಂದು ನೋಡಪ್ಪ, ನಂಗೆ ಮಂಡಿನೋವು ಬೇರೆ," ಎಂದರು ಟೈಪಿಸ್ಟಮ್ಮ.

"ಸ್ವಲ್ಪ ಸುಮ್ನಿರ್ತೀರಾ!" ಎನ್ನುತ್ತ ಅವನು ಕೀಲಿ ಒತ್ತಿದ. ಓದಲಷ್ಟೇ ತೆರೆಯಲು 'ಆರ್' ಒತ್ತಬೇಕಿತ್ತು. ಈ ಗಲಾಟೆಯಲ್ಲಿ ಬೆರಳು ಬಿದ್ದದ್ದು ಬರೆಯಲು ತೆರೆಯುವ 'ಡಬ್ಲ್ಯು' ಮೇಲೆ. ಹಾಗೆ ತೆರೆದರೆ ಫೈಲಿನಲ್ಲಿ ಇದ್ದಬದ್ದದ್ದೆಲ್ಲ ಆ ಕ್ಷಣವೇ ಗುಡಿಸಿಹೋಗುತ್ತದೆ.

ಪರದೆಯ ಮೇಲೆ ಎರಡು ಸಾಲು ಮೂಡಿದವು. ಗಾತ್ರ: ಸೊನ್ನೆ. ಕೊನೆಯ ತಿದ್ದುಪಡಿ: ಈಗಷ್ಟೇ.

ಅವನು ಗಡಬಡಿಸಿ ಪರದೆಗೆ ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಕ್ಯಾಷಿಯರ್ ಛಾವಣಿ ಹಾರಿಹೋಗುವಂತೆ ಕೂಗಿದರು. "ಸೊನ್ನೆ ಕಣ್ರೋ! ಯಾರಿಗೂ ವರ್ಗ ಇಲ್ಲ!"

ನಿಜ ಹೇಳಬೇಕೆಂದು ಅವನು ಬಾಯಿ ತೆರೆದರೆ ಟೈಪಿಸ್ಟಮ್ಮ ಅದರೊಳಗೆ ಬಿಸ್ಕತ್ತು ತುರುಕಿದರು. ಇಬ್ಬರು ಗುಮಾಸ್ತರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆ ಮೆರವಣಿಗೆ ಹೋಗಿ ಮ್ಯಾನೇಜರರ ಬಾಗಿಲಿಗೇ ಗುದ್ದಿತು.

ಒಳಗೆ ಬಿಸ್ಕತ್ತು ನುಂಗಿಕೊಂಡು ಅವನು ಎಲ್ಲ ಒಪ್ಪಿಕೊಂಡ. "ಇನ್ನೊಂದು ಪ್ರತಿ ಇರಬೇಕಲ್ವಾ ಸಾರ್?"

"ಗುಟ್ಟಿನ ಪಟ್ಟಿಗೆ ಪ್ರತಿ ಯಾರಯ್ಯ ಇಡ್ತಾರೆ?"

"ಅದ್ರಲ್ಲಿ... ನನ್ ಹೆಸರಿತ್ತಾ ಸಾರ್?"

"ನಿಂದಾ? ಇರ್ಲೇ ಇಲ್ಲ."

ಅವನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಸಂಜೆಯೊಳಗೆ ಮೇಲಿನವರಿಗೆ ಒಂದು ಹೆಸರಾದ್ರೂ ಕಳಿಸ್ಬೇಕು," ಎಂದು ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. "ಎಷ್ಟು ತಲೆ ಕೆರ್ಕೊಂಡ್ರೂ ಈಗ ನನಗೆ ನೆನಪಿಗೆ ಬರ್ತಿರೋದು ಒಂದೇ ಹೆಸರು ಕಣಯ್ಯ."

ಅವನು ಹೊರಗೆ ಬಂದಾಗ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

"ಪಾರ್ಟಿ ಯಾವಾಗಪ್ಪ?" ಕ್ಯಾಷಿಯರ್ ಕೇಳಿದರು.

"ನನ್ನ ಬೀಳ್ಕೊಡುಗೆ ದಿನ ಸಾರ್," ಎಂದ.