‘ಬೇಡ’ ಎನ್ನುವ ಪಾಠ

ಮದುವೆಯಾಗಿ ಎಂಟು ತಿಂಗಳಾಗಿದ್ದರೂ ಗರಿಗರಿಗೆ ಹೆಂಡತಿಯ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚಾಗಿತ್ತು. ಇದರಲ್ಲಿ ತಪ್ಪು ಯಾರದೂ ಅಲ್ಲ. ಅವನು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ರಾತ್ರಿ ಪಾಳಿಯ ಇಸ್ತ್ರಿಯವನು. ಅವಳು ಮಕ್ಕಳ ಆಸ್ಪತ್ರೆಯಲ್ಲಿ ಹಗಲು ಪಾಳಿಯ ನರ್ಸು. ಬೆಳಿಗ್ಗೆ ಏಳಕ್ಕೆ ಅವನು ಮೆಟ್ಟಿಲು ಹತ್ತುವಾಗ ಅವಳು ಇಳಿಯುತ್ತಿದ್ದಳು. “ಫ್ಲಾಸ್ಕಲ್ಲಿ ಟೀ ಇದೆ ರೀ.” “ಹುಷಾರು ಕಣೇ.” ಅವರ ಸಂಸಾರವೆಲ್ಲ ಈ ಎರಡು ಮಾತಿನಲ್ಲೇ ನಡೆಯುತ್ತಿತ್ತು. ಅವನು ತಿರುಗಿ ನೋಡುವಷ್ಟರಲ್ಲಿ ಬೆನ್ನು ಮಾತ್ರ ಕಾಣುತ್ತಿತ್ತು.

ಗರಿಗರಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಸುಬು ಕೊಟ್ಟ ಬಿರುದು. ಅವನ ಕೈಯಿಂದ ಬಂದ ಅಂಗಿಯನ್ನು ನೆಲದ ಮೇಲೆ ನಿಲ್ಲಿಸಬಹುದಿತ್ತು. ಅಂಗಿ ನೆಟ್ಟಗೆ ನಿಲ್ಲುತ್ತಿತ್ತು, ಅವನು ಮಾತ್ರ ಯಾರ ಮುಂದೆಯೂ ನೆಟ್ಟಗೆ ನಿಂತವನಲ್ಲ.

ಆ ದಿನ ಹೆಂಡತಿ ಮೆಟ್ಟಿಲ ನಡುವೆಯೇ ನಿಂತಳು.

“ಇವತ್ತು ಹೊಸ ಮ್ಯಾನೇಜರ್ ಹತ್ರ ಕೇಳ್ತೀರಲ್ವಾ?”

“ಕೇಳ್ತೀನಿ.”

“ಇಂಗ್ಲಿಷಲ್ಲಿ?”

ಹಗಲು ಪಾಳಿಯ ಹಿರಿಯ ಇಸ್ತ್ರಿಯವರು ನಿವೃತ್ತರಾಗಿ ಜಾಗ ಖಾಲಿಯಾಗಿತ್ತು. ಎಲ್ಲಿಂದಲೋ ಬಂದ ಹೊಸ ಮ್ಯಾನೇಜರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತೇನೆಂದು ಅವರು ಹೇಳಿಕಳಿಸಿದ್ದರು. ಇವತ್ತು ಬಾಯಿ ಬಿಡದಿದ್ದರೆ ಜಾಗ ಬೇರೆಯವರ ಪಾಲು.

“ನೀವು ಹಗಲು ಪಾಳಿಗೆ ಬಂದ್ರೆ, ಒಟ್ಟಿಗೆ ಕೂತು ಊಟ ಮಾಡಬಹುದು ರೀ,” ಎಂದಳು ಅವಳು. ಅಷ್ಟು ಹೇಳಿ ಇಳಿದುಹೋದಳು. ಗರಿಗರಿಗೆ ನಿದ್ದೆ ಹಾರಿಹೋಯಿತು.

ಕೆಳಗಿನ ಮನೆಯ ಮೇಷ್ಟ್ರು ಜೀವಮಾನವಿಡೀ ಇಂಗ್ಲಿಷ್ ವ್ಯಾಕರಣ ಪಾಠ ಮಾಡಿ ನಿವೃತ್ತರಾದವರು. ಪಾಠ ಬೇಕೆಂದು ಒಬ್ಬ ಮನುಷ್ಯ ತಾನಾಗಿ ಬಾಗಿಲು ತಟ್ಟಿದ್ದನ್ನು ಅವರಿಗೆ ನಂಬಲಾಗಲಿಲ್ಲ. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು.

“ಬರೀ ‘ಐ ವಾಂಟ್’ ಅಂದ್ರೆ ಅದು ಎಳೆ ಮಗು ಹಟ ಮಾಡಿದ ಹಾಗೆ. ‘ಕುಡ್’ ಹಾಕು, ವಿನಯ ಬರುತ್ತೆ. ‘ಪಾಸಿಬ್ಲಿ’ ಸೇರಿಸು, ಇನ್ನಷ್ಟು ಮೆತ್ತಗಾಗುತ್ತೆ. ಎಲ್ಲಿಂದ ಅನ್ನೋದಕ್ಕೆ ‘ಫ್ರಮ್’, ಎಲ್ಲಿಗೆ ಅನ್ನೋದಕ್ಕೆ ‘ಟು’. ಹೇಳು: ಕುಡ್ ಐ ಪಾಸಿಬ್ಲಿ ಮೂವ್ ಫ್ರಮ್ ದ ನೈಟ್ ಶಿಫ್ಟ್ ಟು ದ ಡೇ ಶಿಫ್ಟ್, ಸರ್?”

ಗರಿಗರಿ ಯೋಚಿಸಿದ. “ಅಂದ್ರೆ ಅಂಗಿ ಥರ. ‘ಕುಡ್’ ಕಾಲರು. ‘ಪಾಸಿಬ್ಲಿ’ ತೋಳು. ‘ಫ್ರಮ್’, ‘ಟು’ ಎರಡೂ ಗುಂಡಿ. ಒಂದು ಗುಂಡಿ ತಪ್ಪಿದ್ರೂ ಇಡೀ ಅಂಗಿ ಸೊಟ್ಟ.”

ಮೇಷ್ಟ್ರ ಕಣ್ಣು ತುಂಬಿ ಬಂತು. ಇಂಥ ಶಿಷ್ಯ ಇಷ್ಟು ವರ್ಷ ಎಲ್ಲಿದ್ದ!

“ಅವರು ತಿರುಗಿ ಏನಾದ್ರೂ ಅಂದ್ರೆ ಮೇಷ್ಟ್ರೇ?”

“ಕೆಲಸ ಕೊಡೋರು ಏನಂದ್ರೂ ಒಂದೇ ಉತ್ತರ. ‘ಸರ್ಟನ್ಲಿ, ಸರ್, ವಿತ್ ಪ್ಲೆಷರ್.’ ಹೆಂಗಸರಾದ್ರೆ ‘ಮೇಡಮ್’.”

“ನಮಗೆ ಬೇಡದ್ದು ಹೇಳಿದ್ರೆ? ಬೇಡ ಅನ್ನೋದು ಹೇಗೆ?”

“ವಿನಯವಾಗಿ ಬೇಡ ಅನ್ನೋದು ಬಹಳ ಕಷ್ಟದ ಪಾಠ ಕಣಯ್ಯ. ಅದು ನಾಳೆಗಿರಲಿ.”

ಗರಿಗರಿ ಮನೆಗೆ ಬಂದು, ಇದ್ದುದರಲ್ಲಿ ಒಳ್ಳೆಯ ಅಂಗಿಯನ್ನು ಹಾಸಿ, ಕಾಲರಿಗೆ ‘ಕುಡ್’, ತೋಳಿಗೆ ‘ಪಾಸಿಬ್ಲಿ’ ಎಂದು ಹೇಳಿಕೊಳ್ಳುತ್ತ ಇಸ್ತ್ರಿ ಮಾಡತೊಡಗಿದ. ತೆರೆದ ಬಾಗಿಲಲ್ಲಿ ಮನೆ ಓನರಮ್ಮ ಇಣುಕಿದರು. ಓನರಮ್ಮನಿಗೆ ಬೇರೆಯವರ ಮನೆಯ ಸಮಾಚಾರ ಕಿವಿಗೆ ಬೀಳದಿದ್ದರೆ ಅಂದಿನ ಊಟ ರುಚಿಸುತ್ತಿರಲಿಲ್ಲ.

“ಏನದು ‘ಕುಡ್’? ಭಿಕ್ಷೆ ಬೇಡೋಕೆ ಹೋಗ್ತಿದೀಯಾ? ‘ಮಸ್ಟ್’ ಅನ್ನು! ‘ಇಮ್ಮಿಡಿಯೇಟ್ಲಿ’ ಅನ್ನು! ಬಾಡಿಗೆದಾರರ ಹತ್ರ ನಾನು ಹಾಗೇ ಮಾತಾಡೋದು.”

ಕೆಳಗಿನಿಂದ ಮೇಷ್ಟ್ರು ಓಡಿ ಬಂದರು. “ಅಮ್ಮಾ, ಕೆಲಸಗಾರ ಯಜಮಾನನಿಗೆ ‘ಮಸ್ಟ್’ ಅನ್ನಬಾರದು!”

“ನೀವು ಸುಮ್ಮನಿರಿ. ಜೀವಮಾನವೆಲ್ಲ ‘ಕುಡ್, ಕುಡ್’ ಅಂದ್ರಿ, ಒಂದು ಸ್ವಂತ ಮನೆ ಮಾಡಿಕೊಂಡ್ರಾ?”

ಮಾತು ಮೇಷ್ಟ್ರಿಗೆ ನಾಟಿತು. ಅವರು ಒಂದು ಅಂದರೆ ಇವರು ಎರಡು ಅಂದರು. ಇಬ್ಬರನ್ನೂ ಸಮಾಧಾನ ಮಾಡಲು ಗರಿಗರಿ ನಡುವೆ ನಿಂತ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಊರವರ ಬಟ್ಟೆಯನ್ನು ಕಣ್ಣುಮುಚ್ಚಿ ಇಸ್ತ್ರಿ ಮಾಡುತ್ತಿದ್ದವನ ಸ್ವಂತ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಮಚ್ಚೆ ಬಿದ್ದಿತ್ತು.

ಜಗಳ ಅಲ್ಲಿಗೇ ನಿಂತಿತು. ಮೇಷ್ಟ್ರು ಸರಸರ ಇಳಿದುಹೋಗಿ ತಮ್ಮ ಬೀಳ್ಕೊಡುಗೆಯ ದಿನ ತೊಟ್ಟಿದ್ದ ಕಪ್ಪು ಕೋಟು ತಂದರು. ಓನರಮ್ಮ ಟೈ ತಂದು ತಾವೇ ಕಟ್ಟಿದರು, ಸ್ವಲ್ಪ ಬಿಗಿಯಾಗಿಯೇ. ಕೋಟಿನೊಳಗೆ ಮಚ್ಚೆ ಅಡಗಿತು.

ಬಸ್ಸಿನಲ್ಲಿ ಗರಿಗರಿ ಬಾಯಿಪಾಠ ಮಾಡುತ್ತಲೇ ಇದ್ದ. ಪಕ್ಕದಲ್ಲಿ ಕುಳಿತಿದ್ದವರು, ಕೋಟು ತೊಟ್ಟು ತನ್ನಷ್ಟಕ್ಕೆ ತಾನೇ ಗೊಣಗುವ ಈ ಮನುಷ್ಯನನ್ನು ಕಂಡು ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋದರು.

ಹೋಟೆಲಿನ ಲಿಫ್ಟಿನಲ್ಲಿ ಕೊನೆಯ ಸಲ ಗಟ್ಟಿಯಾಗಿ ಹೇಳಿ ನೋಡೋಣವೆಂದು “ಕುಡ್ ಐ ಪಾಸಿಬ್ಲಿ...” ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ವಿದೇಶದ ಅಜ್ಜಿಯೊಬ್ಬರು ದೊಡ್ಡ ಪೆಟ್ಟಿಗೆ ಎಳೆಯುತ್ತ ನಿಂತಿದ್ದರು. ಕೋಟು, ಟೈ, ಮೇಲೆ ಇಷ್ಟು ವಿನಯದ ಇಂಗ್ಲಿಷ್. ಈತ ಸಹಾಯಕ್ಕೆಂದೇ ಬಂದ ಹೋಟೆಲಿನ ದೊಡ್ಡ ಮನುಷ್ಯ ಎಂದುಕೊಂಡ ಅಜ್ಜಿ ಪೆಟ್ಟಿಗೆಯನ್ನು ಅವನ ಕೈಗೇ ಕೊಟ್ಟರು.

“ಸರ್ಟನ್ಲಿ, ಮೇಡಮ್, ವಿತ್ ಪ್ಲೆಷರ್,” ಎಂದ ಗರಿಗರಿ. ಅವನಿಗೆ ಬೇರೆ ಗೊತ್ತಿದ್ದರೆ ತಾನೆ!

ಕೋಣೆ ತಲುಪಿದ ಮೇಲೆ ಅಜ್ಜಿ ಕಿಟಕಿ ತೋರಿಸಿ ಏನೋ ಅಂದರು. ಸರ್ಟನ್ಲಿ ಎಂದು ಮುಚ್ಚಿದ. ಶಾಲು ತೋರಿಸಿದರು, ಸರ್ಟನ್ಲಿ ಎಂದು ಲಾಂಡ್ರಿಗೆ ಓಡಿ ಇಸ್ತ್ರಿ ಮಾಡಿ ತಂದ. ಆಮೇಲೆ ತಮ್ಮ ಮೊಮ್ಮಕ್ಕಳ ಚಿತ್ರ ತೋರಿಸಿ ಕಥೆ ಹೇಳತೊಡಗಿದರು. ಅದಕ್ಕೂ ಸರ್ಟನ್ಲಿ ಎಂದು ನಿಂತ. ಅಲ್ಲಿಂದ ಬಿಡಿಸಿಕೊಂಡು ಏದುಸಿರು ಬಿಡುತ್ತ ಮ್ಯಾನೇಜರ್ ಕೋಣೆಗೆ ಬಂದಾಗ ನಾಲ್ಕು ದಾಟಿ ಬಹಳ ಹೊತ್ತಾಗಿತ್ತು.

ಮ್ಯಾನೇಜರ್ ಪಕ್ಕದಲ್ಲಿ, ಹಗಲು ಹೊತ್ತು ಮುಂಬಾಗಿಲ ಕೌಂಟರಿನಲ್ಲಿ ಅತಿಥಿಗಳನ್ನು ನೋಡಿಕೊಳ್ಳುವವನೂ ನಿಂತಿದ್ದ. ಗರಿಗರಿ ಕಣ್ಣುಮುಚ್ಚಿ ಅಂಗಿಯನ್ನು ನೆನೆದ. ಕಾಲರು, ತೋಳು, ಗುಂಡಿ. “ಕುಡ್ ಐ ಪಾಸಿಬ್ಲಿ ಮೂವ್ ಫ್ರಮ್ ದ ನೈಟ್ ಶಿಫ್ಟ್...” ಎನ್ನುವಷ್ಟರಲ್ಲಿ ಮೇಜಿನ ಮೇಲಿನ ಫೋನು ಗಂಟೆ ಬಾರಿಸಿತು. ಮ್ಯಾನೇಜರ್ ಕಿವಿಗಿಟ್ಟುಕೊಂಡರು. ಕೇಳುತ್ತ ಕೇಳುತ್ತ ಅವರ ಹುಬ್ಬು ಮೇಲೇರಿತು, ಮುಖ ಅರಳಿತು. ಫೋನಿಟ್ಟು ಎದ್ದು ಬಂದು ಗರಿಗರಿಯ ಕೈಕುಲುಕಿ ಉದ್ದಕ್ಕೆ ಏನೋ ಹೇಳಿದರು. ‘ಎಕ್ಸಲೆಂಟ್’ ಎನ್ನುವುದೊಂದು ಅವನಿಗೆ ಅರ್ಥವಾಯಿತು.

“ಸರ್ಟನ್ಲಿ, ಸರ್, ವಿತ್ ಪ್ಲೆಷರ್!” ಎಂದ ಗರಿಗರಿ, ಮೈಯೆಲ್ಲ ಹಗುರಾಗಿ.

ಹೊರಗೆ ಬಂದ ಮೇಲೆ ಕೌಂಟರಿನವನು ಬೆನ್ನು ತಟ್ಟಿದ. “ಅದೃಷ್ಟವಂತ ಕಣಯ್ಯ! ಫೋನಲ್ಲಿ ಒಬ್ಬರು ಅಜ್ಜಿ ನಿನ್ನನ್ನ ಹೊಗಳಿದ್ದೇ ಹೊಗಳಿದ್ದು. ರಾತ್ರಿ ಕೌಂಟರಲ್ಲಿ ಇಂಗ್ಲಿಷ್ ಬರೋರು ಯಾರೂ ಇಲ್ಲ ಅಂತ ಸಾಹೇಬ್ರು ತಲೆ ಕೆಡಿಸ್ಕೊಂಡಿದ್ರು. ನಿನ್ನನ್ನೇ ಹಾಕಿದ್ದಾರೆ, ಕಾಯಮ್ಮಾಗಿ! ಇವತ್ತಿಂದಲೇ. ಸಂಜೆ ಆರಕ್ಕೆ ಕೂತ್ರೆ ಬೆಳಿಗ್ಗೆ ಎಂಟು.”

“ಎಂಟಾ?” ಎಂದ ಗರಿಗರಿ. ಏಳಕ್ಕೆ ಮೆಟ್ಟಿಲು ಇಳಿಯುವ ಬೆನ್ನು ಅವನ ಕಣ್ಣ ಮುಂದೆ ಹಾದುಹೋಯಿತು. ಮುಖ ಕೇಳಲು ಹೋಗಿ ಬೆನ್ನನ್ನೂ ಕಳೆದುಕೊಂಡಿದ್ದ.

“ಬೇಡ ಅಂತ ಹೇಳೋದು ಹೇಗಣ್ಣಾ?”

“ಬೇಡವಾ? ಒಪ್ಪಿಕೊಂಡು ಬಂದಿದ್ದೀಯಲ್ಲೋ!”

ಆರು ಗಂಟೆಗೆ ಗರಿಗರಿ ಕೌಂಟರಿನ ಹಿಂದೆ, ಸುಟ್ಟ ಅಂಗಿಯ ಮೇಲೆ ಮೇಷ್ಟ್ರ ಕೋಟು ತೊಟ್ಟು ನಿಂತ. ಕೌಂಟರಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದೆಂದು ಕಟ್ಟಪ್ಪಣೆಯಾಗಿತ್ತು. ಮ್ಯಾನೇಜರ್ ಹೆಮ್ಮೆಯಿಂದ ಅವನ ಭುಜದ ಹತ್ತಿರವೇ ನಿಂತಿದ್ದರು. ಏಳೂವರೆಯ ಹೊತ್ತಿಗೆ ಫೋನು ಬಂತು.

“ಕುಡ್ ಐ... ಪಾಸಿಬ್ಲಿ... ಸ್ಪೀಕ್ ಟು...” ಎಂದಿತು ಒಂದು ಹೆಣ್ಣು ದನಿ. ಹಿಂದಿನಿಂದ ಮೇಷ್ಟ್ರು ಪದ ಹೇಳಿಕೊಡುತ್ತಿದ್ದುದು, ‘ಮಸ್ಟ್ ಅನ್ನೇ’ ಎಂದು ಓನರಮ್ಮ ಗದರುತ್ತಿದ್ದುದು ಕೇಳಿಸಿತು.

ಗರಿಗರಿಯ ಎದೆ ತುಂಬಿ ಬಂತು. “ಯೆಸ್, ಮೇಡಮ್,” ಎಂದ.

“ಅಯ್ಯೋ, ನೀವೇನಾ ರೀ! ಏನಾಯ್ತು? ಹಗಲು ಪಾಳಿ ಸಿಕ್ತಾ?”

ಮ್ಯಾನೇಜರ್ ಇನ್ನಷ್ಟು ಹತ್ತಿರ ಬಾಗಿ, ಮಾತಾಡು ಎನ್ನುವಂತೆ ತಲೆಯಾಡಿಸಿದರು. ಗರಿಗರಿ ತನಗೆ ಬರುವ ಇಂಗ್ಲಿಷನ್ನೆಲ್ಲ ತಡಕಾಡಿದ. ವಿನಯವಾಗಿ ಬೇಡ, ಇಲ್ಲ, ಆಗಲಿಲ್ಲ ಎನ್ನುವ ಒಂದು ಮಾತೂ ಅಲ್ಲಿರಲಿಲ್ಲ.

“ಸರ್ಟನ್ಲಿ, ಮೇಡಮ್,” ಎಂದ.

“ನಂಗೊತ್ತಿತ್ತು! ಹಾಗಾದ್ರೆ ಈಗಲೇ ಹೊರಟು ಬನ್ನಿ. ಎರಡು ತಟ್ಟೆ ಇಟ್ಟುಕೊಂಡು ಕಾಯ್ತಾ ಇರ್ತೀನಿ. ನೀವು ಬರೋವರೆಗೂ ನಾನು ಉಣ್ಣಲ್ಲ. ಬರ್ತೀರಿ ತಾನೆ?”

ಮ್ಯಾನೇಜರ್ ನಗುತ್ತ ಅವನ ಬೆನ್ನು ತಟ್ಟಿದರು, ಸರಿಯಾಗಿ ಅಂಗಿ ಸುಟ್ಟಿದ್ದ ಜಾಗದಲ್ಲೇ.

“ವಿತ್ ಪ್ಲೆಷರ್,” ಎಂದ ಗರಿಗರಿ.