ಹಲ್ಲು ಉಳಿಸುವವನ ಬೋರ್ಡು

'ಬಾಯಿ ತೆಗೀರಿ' ಎನ್ನುವುದು ನನ್ನ ಉದ್ಯೋಗ. ತೆಗೆದ ಬಾಯಿಯಲ್ಲಿ ಹಲ್ಲು ಕಾಣುವ ಮೊದಲೇ ಮಾತು ಹೊರಗೆ ಬಂದುಬಿಡುತ್ತದೆ. ತೊಂಬತ್ತರ ದಶಕದಲ್ಲಿ ಕೊಟ್ಟೂರಿನಲ್ಲಿ ಹಲ್ಲಿನ ದವಾಖಾನೆ ತೆರೆದಾಗಿನಿಂದ ಇದು ಒಂದು ದಿನವೂ ತಪ್ಪಿಲ್ಲ. ನಾನು ಇಂಗ್ಲಿಷ್ ಮೀಡಿಯಂ ಶಾಲೆಯ ಬೆತ್ತದ ಕೆಳಗೆ ಓದಿದವನು. ಹತ್ತು ಗಂಟೆ ಎಂದರೆ ಹತ್ತೇ. ದಿನಕ್ಕೆರಡು ಸಲ ಹಲ್ಲುಜ್ಜಬೇಕು ಎಂದರೆ ಎರಡೇ ಸಲ. ಉಳಿಯುವ ಹಲ್ಲನ್ನು ಯಾರು ಹೇಳಿದರೂ ಕೀಳಬಾರದೆಂದು ನಿಶ್ಚಯಿಸಿ, ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಯೂ ಇದ್ದೆ: 'ಇಲ್ಲಿ ಹಲ್ಲು ಉಳಿಸಲಾಗುವುದು'. ಮೊದಲ ವರ್ಷ ಆ ಬೋರ್ಡು ಪಟ್ಟ ಪಾಡು ಇಷ್ಟು.

ರಾಶಿ ಎಲ್ಲಿ?

ಮೊದಲ ವಾರವೇ ಕೂಡ್ಲಿಗಿ ಕಡೆಯ ರೈತರೊಬ್ಬರು ಕೆನ್ನೆ ಹಿಡಿದುಕೊಂಡು ಬಂದರು. ಕುರ್ಚಿಯಲ್ಲಿ ಕೂಡದೆ ಕೋಣೆಯ ಮೂಲೆ ಮೂಲೆ ನೋಡತೊಡಗಿದರು.

"ಏನು ಹುಡುಕ್ತಿದೀರಿ?"

"ನೀವು ಕಿತ್ತ ಹಲ್ಲು ಎಲ್ಲಿ ಇಟ್ಟೀರಿ?"

"ಅದನ್ನೆಲ್ಲ ಯಾಕೆ ಇಟ್ಕೊಳ್ಳೋದು?"

"ಸಂತ್ಯಾಗ ಹಲ್ಲು ಕೀಳೋನು ಅದಾನಲ್ರಿ, ಗೋಣಿತಟ್ಟಿನ ಮ್ಯಾಲೆ ಇಷ್ಟೆತ್ತರ ರಾಶಿ ಹಾಕ್ಯಾನ. ನೋಡಿದ್ರನ ಧೈರ್ಯ ಬರತೈತಿ."

ವೈದ್ಯನ ಕೈಗುಣವನ್ನು ಬಾಯಲ್ಲಿ ಉಳಿದ ಹಲ್ಲಿನಿಂದ ಅಳೆಯಬೇಕೇ ಹೊರತು ಕಿತ್ತ ಹಲ್ಲಿನಿಂದಲ್ಲ ಎಂದು ಹತ್ತು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ನನ್ನನ್ನು ಕನಿಕರದಿಂದ ನೋಡಿದರು.

"ಹೊಸದಾಗಿ ಕಲಿಯಾಕ ಹತ್ತೀರಿ, ಕಲೀರಿ. ರಾಶಿ ಆದ ಮ್ಯಾಲೆ ಬರ್ತೀನಿ."

ಮೂರು ತಿಂಗಳ ಬ್ರಷ್ಷು

ಎದುರಿನ ಗ್ಯಾರೇಜಿನ ಸ್ಕೂಟರ್ ಮೆಕ್ಯಾನಿಕ್ ಸಾಬರಿಗೆ ವಸಡು ಊದಿತ್ತು. ವಸಡು ತೊಳೆದು, ಬ್ರಷ್ಷು ಮೆತ್ತಗಿರಬೇಕು, ಮೂರು ತಿಂಗಳಿಗೊಮ್ಮೆ ತಪ್ಪದೆ ಬದಲಿಸಬೇಕು ಎಂದು ತಾಕೀತು ಮಾಡಿ ಕಳಿಸಿದೆ. ಮೂರು ತಿಂಗಳಾದ ಕೂಡಲೇ ಅವರು ಅಂಗಡಿಯಿಂದ ಹೊಸ ಬ್ರಷ್ಷು ತಂದು, "ಇದು ನಡೀತೈತೇನ್ರಿ?" ಎಂದು ನನಗೇ ತೋರಿಸಿ ಹೋದರು. ಇಡೀ ಊರಲ್ಲಿ ಒಬ್ಬರಾದರೂ ಮಾತು ಕೇಳಿದರಲ್ಲ ಎಂದು ಅಂದು ಹೆಂಡತಿಯ ಹತ್ತಿರ ಹೇಳಿಕೊಂಡೆ.

ಮರುದಿನ ನನ್ನ ಸ್ಕೂಟರ್ ಬಿಡಲು ಗ್ಯಾರೇಜಿಗೆ ಹೋದರೆ, ಸಾಬರು ಅದೇ ಬ್ರಷ್ಷಿನಿಂದ ಮಸಿ ಹಿಡಿದ ಪ್ಲಗ್ಗು ತಿಕ್ಕುತ್ತಿದ್ದರು.

"ಇದು ಹಲ್ಲಿನ ಬ್ರಷ್ಷಲ್ವೇನ್ರಿ?"

"ಹೌದು ಡಾಕ್ಟರ್ ಸಾಬ್. ನೀವು ಹೇಳಿದ್ದು ಖರೇ ಐತಿ. ಮೂರು ತಿಂಗಳಿಗೆ ಕರೆಕ್ಟಾಗಿ ಎಳಿ ಬಿಚ್ಚತಾವ."

"ಮತ್ತೆ ಹಲ್ಲಿಗೆ?"

ಗ್ರೀಸು ಮೆತ್ತಿದ ತೋರುಬೆರಳನ್ನು ಎತ್ತಿ ಹಿಡಿದು ಕೇಳಿದರು: "ಇದನ್ನೇನು ಬದಲಿ ಮಾಡೋದು ಬ್ಯಾಡಲ್ರಿ?"

ರಕ್ತ ನಿಂತ ಬಗೆ

ಹರಪನಹಳ್ಳಿಯ ನಿವೃತ್ತ ಹೆಡ್‌ಮಾಸ್ತರರು ಬಂದರು. ಓದಿದವರು, ಇವರಿಗಾದರೂ ತಿಳಿಹೇಳಬಹುದು ಅಂದುಕೊಂಡೆ.

"ಆರು ತಿಂಗಳ ಹಿಂದೆ ಹಲ್ಲುಜ್ಜಿದ್ರೆ ವಸಡಲ್ಲಿ ರಕ್ತ ಬರ್ತಿತ್ತು ಡಾಕ್ಟ್ರೇ. ಈಗ ಒಂದು ಹನಿ ಇಲ್ಲ."

"ಏನು ಮಾಡಿದ್ರಿ?"

"ಉಜ್ಜೋದು ಬಿಟ್ಟೆ."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. "ಸರಿ, ಈಗ ಯಾಕೆ ಬಂದ್ರಿ?"

"ನಾನೆಲ್ಲಿ ಬಂದೆ? ನಮ್ಮನೆಯೋರು ಕರ್ಕೊಂಡು ಬಂದಿದ್ದು. ಹೊರಗೆ ಕುಂತಿದಾರೆ. ವಾಸನೆ ಬರೋದು ಅವರಿಗೆ, ನನಗೇನಿಲ್ಲ. ಔಷಧ ಅವರಿಗೇ ಬರೆದು ಕೊಡಿ."

ಹಡಗಲಿ ಅಜ್ಜಿಯ ದವಡೆ

ಹಡಗಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅಜ್ಜಿಯೊಬ್ಬರು ದೇವರಿಗೆ ಮಲ್ಲಿಗೆ ಹಾರ ಕಟ್ಟಿಕೊಡುವವರು. ಅಗಿಯಲು ಉಳಿದಿದ್ದವು ಎರಡೇ ದವಡೆ ಹಲ್ಲು, ಮೇಲೊಂದು, ಅದಕ್ಕೆ ಸರಿಯಾಗಿ ಕೆಳಗೊಂದು. ಕೆಳಗಿನದು ಹುಳುಕಾಗಿ ನೋಯುತ್ತಿತ್ತು. ಅದು ಹೋದರೆ ಮೇಲಿನದೂ ದಂಡ, ಅಜ್ಜಿಗೆ ಆಮೇಲೆ ರೊಟ್ಟಿಯೇ ಇಲ್ಲ. ಅವರು ಕೀಳ್ರಿ ಅಂದರು, ನಾನು ಆಗೋದಿಲ್ಲ ಅಂದೆ. ಐದು ಸಲ ಓಡಾಡಿಸಿ, ಬೇರಿನ ನರ ತೆಗೆದು, ಮೇಲೆ ಸ್ಟೀಲಿನ ಕ್ಯಾಪು ಕೂರಿಸಿದೆ. ಅಂಥ ಕ್ಯಾಪು ಊರಿಗೇ ಮೊದಲನೆಯದು. "ನರ ಸಾಯಿಸಿದೀನಿ ಅಜ್ಜಿ, ಹಲ್ಲಿಗೆ ಜೀವ ಇಲ್ಲ, ಇನ್ನು ನೋವಿಲ್ಲ. ಗಟ್ಟಿ ರೊಟ್ಟಿ ತಿನ್ನಿ" ಎಂದು ಕಳಿಸಿದೆ.

ತಿಂಗಳಾದ ಮೇಲೆ ಅಜ್ಜಿ ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ನಗುತ್ತ ಬಂದರು. ನಕ್ಕಾಗ ಕೆಳದವಡೆ ಖಾಲಿ.

"ಹಲ್ಲೆಲ್ಲಿ?"

"ಸಂತ್ಯಾಗ ಕೀಳಿಸಿದೆ. ನೀವ ಹೇಳಿದ್ರಲ್ಲಪ್ಪ, ಜೀವ ಇಲ್ಲ ಅಂತ. ಮನಿಯಾಗ ಹೆಣ ಇಟ್ಕೊಂಡು ಯಾರಾದ್ರೂ ದೀಪ ಹಚ್ತಾರೇನು? ದೇವರಿಗೆ ಹೂ ಕಟ್ಟಾಕಿ ನಾನು, ಸತ್ತದ್ದನ್ನ ಬಾಯಾಗ ಇಟ್ಕೊಂಡು ಹೆಂಗ ಕೂಡ್ಲಿ?"

"ನನ್ನನ್ನ ಒಂದು ಮಾತು ಕೇಳಬಾರದಾಗಿತ್ತೇ?"

"ನಿಮ್ಮ ಬೋರ್ಡಿನ್ಯಾಗ ಬರದೈತಲ್ಲ, ಉಳಸ್ತೀವಿ ಅಂತ. ಕೀಳ್ರಿ ಅಂದ್ರ ಬೈತೀರಿ. ಈಗ ಆ ಜಾಗಕ್ಕ ಒಂದು ಕಟ್ಟುಹಲ್ಲು ಹಾಕಿಕೊಡ್ರಿ, ರೊಟ್ಟಿ ತಿನ್ನಾಕ ಬರವಲ್ದು."

ನನ್ನ ಸಹನೆ ಮುಗಿದಿತ್ತು. "ಕಟ್ಟುಹಲ್ಲಿಗೆ ಮಾತ್ರ ಜೀವ ಇರುತ್ತಾ?"

ಅಜ್ಜಿ ಶಾಲೆಯ ದಡ್ಡನಿಗೆ ಹೇಳುವಂತೆ ಹೇಳಿದರು: "ಅದು ಹುಟ್ಟೇ ಇಲ್ಲವಲ್ಲೋ ಮಗನ, ಸಾಯೋದು ಎಲ್ಲಿಂದ ಬಂತು?"

ರಾಶಿ ಇಲ್ಲಿ

ಆ ವಾರ ತರಕಾರಿಗೆಂದು ಸಂತೆಗೆ ಹೋದವನು ಹಲ್ಲು ಕೀಳುವವನ ಗೋಣಿತಟ್ಟಿನ ಮುಂದೆ ನನಗೇ ತಿಳಿಯದಂತೆ ನಿಂತುಬಿಟ್ಟೆ. ಹಳದಿ ರಾಶಿಯ ತುತ್ತತುದಿಯಲ್ಲಿ, ಬಿಸಿಲಿಗೆ ಫಳಫಳ ಹೊಳೆಯುತ್ತ, ನನ್ನ ಐದು ಸಲದ ಕೆಲಸ ಕೂತಿತ್ತು.

ಅವನು ನನ್ನನ್ನು ಗುರುತು ಹಿಡಿದು ಎದ್ದು ನಿಂತ. "ಬರ್ರಿ ಡಾಕ್ಟ್ರ. ನಿಮ್ಮ ಕೆಲಸ ಭಾಳ ಗಟ್ಟಿ ಬಿಡ್ರಿ. ಅಜ್ಜಿ ಹಲ್ಲು ಮುಕ್ಕಾಲು ತಾಸು ಹಿಡೀತು. ಎರಡು ಇಕ್ಕಳ ಬದಲಿ ಮಾಡೀನಿ."

ಊರಿಗೆ ಬಂದ ಮೇಲೆ ನನ್ನ ಕೆಲಸವನ್ನು ಹೊಗಳಿದ ಮೊದಲ ಮನುಷ್ಯ ಅವನು. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೆಮ್ಮಿದರು. ತಿರುಗಿದರೆ ಕೂಡ್ಲಿಗಿ ಕಡೆಯ ಅದೇ ರೈತರು. ಕೈ ಇನ್ನೂ ಅದೇ ಕೆನ್ನೆಯ ಮೇಲಿತ್ತು. ರಾಶಿಯ ತುದಿಯನ್ನು, ಆಮೇಲೆ ನನ್ನ ಮುಖವನ್ನು ನೋಡಿದರು.

"ಆ ಹೊಳೆಯೋದು ನಿಮ್ಮದೇನ್ರಿ?"

"ಹೌದು."

"ಕೆಲಸ ಕಲತೀರಿ ಹಂಗಾರ" ಎಂದರು ಸಮಾಧಾನದಿಂದ. "ನಾಳಿ ಹತ್ತಕ್ಕ ಬರ್ತೀನಿ, ದವಾಖಾನಿ ತಗದಿಡ್ರಿ."